ಮೊರದಿಂದ ಹಾರಿಹೋದ ಹುಲ್ಲುಗಾವಲು

ಹಿಮಾಲಯದ ಎತ್ತರದಲ್ಲಿ ಬೋಳಾದ ಹುಲ್ಲುಗಾವಲಿನಲ್ಲಿ ಮತ್ತೆ ಹುಲ್ಲು ಬೆಳೆಸುವವರ ಆಫೀಸೊಂದು ನಮ್ಮ ಶಂಕರಪುರದಲ್ಲಿದೆ. ಅಲ್ಲಿಗೆ ಪರೀಕ್ಷೆಗೆ ಬರುವ ಹುಲ್ಲಿನ ಬೀಜವನ್ನು ಹಸನು ಮಾಡುವುದು ನನ್ನ ಕೆಲಸ. ಒಮ್ಮೆ ಆ ಬೆಟ್ಟದಿಂದಲೇ ಒಬ್ಬ ಅಜ್ಜಿ ತಾವೇ ಆರಿಸಿದ ಬೀಜದ ಚೀಲ ಹಿಡಿದು ಬಂದರು. ಜಗಲಿಯಲ್ಲಿ ಕೂತು ಒಂದೊಂದನ್ನೇ ಹೊಟ್ಟಿನಿಂದ ಬಿಡಿಸತೊಡಗಿದರು.

"ಹೀಗೆ ಕೂತರೆ ಅಂಗನವಾಡಿಗೆ ಹೋಗೋ ನನ್ನ ಮಗಳು ಎಸ್ಸೆಸ್ಸೆಲ್ಸಿ ಮುಗಿಸ್ತಾಳೆ. ಕೊಡಿ ಇಲ್ಲಿ," ಎಂದು ನನಗೆ ಬರುವ ಹಿಂದಿಯಲ್ಲೇ ಹೇಳಿ, ಎಲ್ಲವನ್ನೂ ಮೊರಕ್ಕೆ ಸುರಿದುಕೊಂಡು ಅಂಗಳದಲ್ಲಿ ಕೇರಿದೆ. ಅಕ್ಕಿ ಕೇರುವುದರಲ್ಲಿ ನಮ್ಮ ಬೀದಿಗೇ ನಾನು ಮೊದಲು. ಆದರೆ ಇದು ಹತ್ತಿಯಷ್ಟು ಹಗುರ ಬೀಜ. ಹೊಟ್ಟಿನ ಜೊತೆ ಕಾಂಪೌಂಡ್ ದಾಟಿ ಹೋಯಿತು. ಮೊರದಲ್ಲಿ ಉಳಿದದ್ದು ಕಡ್ಡಿ, ಕಲ್ಲು.

ಅಜ್ಜಿ ಬಯ್ಯಲಿಲ್ಲ. ನೆಲಕ್ಕೆ ಬಿದ್ದದ್ದನ್ನು ಹೆಕ್ಕುತ್ತಾ ಹೇಳಿದರು: "ಹುಲ್ಲು ಹೋದಮೇಲೆ ನಮ್ಮಲ್ಲಿ ಬಿಸಿಲಿಗೆ ನೆಲ ಕಾಯುತ್ತೆ, ಹಿಮ ಬೇಗ ಕರಗುತ್ತೆ, ಬೇಸಿಗೆಗೆ ನೀರಿರಲ್ಲ. ಇದು ಬೆಟ್ಟದ ಒಂದು ಇಳಿಜಾರಿಗೆ ಸಾಕಾಗ್ತಿತ್ತು ಬೇಟಿ. ಇನ್ನು ಬೀಜ ಸಿಗೋದು ಮುಂದಿನ ವರ್ಷವೇ."

ನಾನೂ ಮಂಡಿಯೂರಿ ಹುಡುಕಿದೆ. ಸಿಕ್ಕಿದ್ದು ಒಂದು ಹಿಡಿ.

ಮನೆಗೆ ಬಂದಮೇಲೆ ನಾನು ಒಂದು ಮಾತೂ ಆಡಲಿಲ್ಲ. ಜ್ವರ ಇರಬೇಕೆಂದು ಗಂಡ ಹಣೆ ಮುಟ್ಟಿ ನೋಡಿದ.