ಮರಕ್ಕೆ ಕಟ್ಟಿದ ಗೋಣಿಚೀಲ

ಅಲ್ ಗರಾಫಾದ ನಮ್ಮ ಕಟ್ಟಡದ ಪಾರ್ಕಿಂಗ್ ಜಾಗದಲ್ಲಿ ಇವತ್ತು ಮರಗಳ ಗೆಲ್ಲು ಕಡಿಯುತ್ತಿದ್ದರು. ದೋಹಾದ ರಸ್ತೆಬದಿಯಲ್ಲೆಲ್ಲ ಕಾಣುವ, ಆಲದ ಜಾತಿಯ, ಸಣ್ಣ ಎಲೆಯ ಮರ. ಕಾರಿನ ಮೇಲೆ ಬಿದ್ದ ಒಂದು ಗೆಲ್ಲನ್ನು ಸರಿಸಲು ಹೋದರೆ ಬೆರಳಿಗೆಲ್ಲ ಬಿಳಿ ಹಾಲು ಮೆತ್ತಿಕೊಂಡಿತು. ಒರೆಸಿದಷ್ಟೂ ಅಂಟು. ಮೂಗಿಗೆ ಹಿಡಿದು ನೋಡಿದೆ, ಹಸಿ ವಾಸನೆ. ಬೇರೆಯವರಿಗೆ ಆ ವಾಸನೆಯಿಂದ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಹಂಝಾಕ ನೆನಪಾಗುತ್ತಾರೆ, ಅವರ ಜೊತೆಗೆ ಒಂದು ಗೋಣಿಚೀಲ.

ಅದಕ್ಕೂ ಮೊದಲು ನನ್ನ ಕೆಲಸದ ವಿಷಯ ಹೇಳಬೇಕು. ಹೇಳುವುದೇ ಒಂದು ಕಷ್ಟ. ಇಲ್ಲಿನ ನಮ್ಮ ಊರವರ ಊಟದ ಕೂಟಗಳಲ್ಲಿ ಲ್ಯಾಬ್‌ನಲ್ಲಿ ಕೆಲಸ ಅಂದರೆ "ಯಾವ ಆಸ್ಪತ್ರೆ?" ಎನ್ನುತ್ತಾರೆ. ಪ್ರಾಣಿಗಳ ಲ್ಯಾಬ್ ಅಂದರೆ ಹಾಲಿನ ಪರೀಕ್ಷೆಯೋ ಎಂದು ಕೇಳುತ್ತಾರೆ. ಗಬ್ಬದ ಕುದುರೆ ಅಕಾಲದಲ್ಲಿ ಕಂದು ಹಾಕಿದರೆ ಅದಕ್ಕೆ ಯಾವ ವೈರಸ್ ಕಾರಣ ಎಂದು ಹುಡುಕುವವಳು ನಾನು ಎಂದು, ಕೋರಿ ರೊಟ್ಟಿ ಬಡಿಸುತ್ತಿರುವವರ ಮುಂದೆ ಹೇಗೆ ಹೇಳುವುದು? ಒಮ್ಮೆ ಹೇಳಿ ನೋಡಿದೆ. ಎದುರು ಫ್ಲ್ಯಾಟಿನ ವನಿತಕ್ಕ ತಟ್ಟೆ ಹಿಡಿದುಕೊಂಡು ಎದ್ದು ಬಾಲ್ಕನಿಗೆ ಹೋದರು. ಅಂದಿನಿಂದ "ಏನೋ ಒಂದು ಆಫೀಸು ಕೆಲಸ" ಎಂದು ತೇಲಿಸಿಬಿಡುತ್ತಿದ್ದೆ.

ಹಂಝಾಕ ಬಂಟ್ವಾಳದ ಕಡೆಯ ಬ್ಯಾರಿ. ದೋಹಾದಿಂದ ಹೊರಗೆ ಒಂದು ಖಾಸಗಿ ಫಾರ್ಮಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ. ಎತ್ತರದ ಆಳು, ಮಾತು ಮಾತ್ರ ಮೆತ್ತಗೆ. ನಾನು ಬರೀ ಟೆಕ್ನೀಷಿಯನ್ ಎಂದು ಎಷ್ಟು ಹೇಳಿದರೂ "ಡಾಕ್ಟರಮ್ಮ" ಎಂದೇ ಕರೆಯುತ್ತಾರೆ. ಈಚೆಗೆ ತಿದ್ದುವುದನ್ನು ಬಿಟ್ಟಿದ್ದೇನೆ, ಕೇಳಲು ಹಿತವಾಗಿದೆ.

ಅವರನ್ನು ಮೊದಲು ನೋಡಿದ್ದು ಕೆಲವು ವರ್ಷಗಳ ಹಿಂದೆ, ಜನವರಿಯ ಒಂದು ಬೆಳಿಗ್ಗೆ. ಫಾರ್ಮಿನ ಬೂದು ಬಣ್ಣದ ಅರಬಿ ಕುದುರೆ, ದಿನ ತುಂಬಲು ಇನ್ನೂ ಎರಡು ತಿಂಗಳಿರುವಾಗ, ಯಾವ ಸೂಚನೆಯೂ ಕೊಡದೆ ಕಂದು ಹಾಕಿತ್ತು. ಅಲ್ಲಿ ಗಬ್ಬದ ಕುದುರೆಗಳು ಇನ್ನೂ ಹಲವಿದ್ದವು. ನಮ್ಮ ಲ್ಯಾಬಿನ ಸುಡಾನಿ ಡಾಕ್ಟರರ ಜೊತೆ ಮಾದರಿ ತೆಗೆಯಲು ನಾನೂ ಹೋದೆ. ನಾವು ತಲುಪುವಷ್ಟರಲ್ಲಿ ಮ್ಯಾನೇಜರ್ ತೀರ್ಪು ಕೊಟ್ಟಾಗಿತ್ತು: ಹಂಝಾಕ ಹಿಂದಿನ ದಿನ ಕುದುರೆಯನ್ನು ಹೆಚ್ಚು ನಡೆಸಿದ್ದಾರೆ, ಅದಕ್ಕೇ ಹೀಗಾಯಿತು. "ಖಲಾಸ್, ಇವನನ್ನು ಊರಿಗೆ ಕಳಿಸುವುದು" ಎಂದು ಹಿಂದಿಯಲ್ಲಿ ಅವರ ಎದುರೇ ನಮಗೆ ಹೇಳಿದರು.

ನನ್ನ ಹಿಂದಿಯಲ್ಲಿ ಊರಿನ ಧಾಟಿಯನ್ನು ಗುರುತಿಸಿ ಹಂಝಾಕ ಹತ್ತಿರ ಬಂದರು. "ಡಾಕ್ಟರಮ್ಮ, ಕೆಲಸ ಹೋದ್ರೆ ಹೋಗ್ಲಿ. ಇದರ ಹೊಟ್ಟೆಯ ಮರಿಯನ್ನು ನಾನು ಕೊಂದದ್ದು ಅಂತ ಹೇಳ್ತಾರಲ್ಲ, ಅದನ್ನು ಹೊತ್ಕೊಂಡು ಊರಿಗೆ ಹೇಗೆ ಹೋಗುವುದು?"

ಅಲ್ಲ ಎನ್ನಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಸತ್ತ ಮರಿಯನ್ನು ಮ್ಯಾನೇಜರ್ ಆಗಲೇ ಸುಡಿಸಿಬಿಟ್ಟಿದ್ದರು. ವೈರಸ್ ಇದ್ದರೆ ಸಿಗುವುದು ಮರಿಯ ಶ್ವಾಸಕೋಶ, ಯಕೃತ್ತುಗಳಲ್ಲಿ, ಇಲ್ಲವೇ ಮರಿಯ ಹಿಂದೆಯೇ ಬೀಳುವ ಮಾಸಿನಲ್ಲಿ. ತಾಯಿಯ ರಕ್ತವನ್ನಷ್ಟೇ ನೋಡಿ ಖಚಿತವಾಗಿ ಹೇಳುವಂತಿಲ್ಲ, ಲಸಿಕೆ ಹಾಕಿಸಿಕೊಂಡ ಕುದುರೆಯ ರಕ್ತವೂ ಅದೇ ಕಥೆ ಹೇಳುತ್ತದೆ. ಮಾಸು ಎಲ್ಲಿ ಎಂದು ಡಾಕ್ಟರ್ ಕೇಳಿದರು.

"ಮಾಫಿ, ಇಲ್ಲ," ಎಂದರು ಮ್ಯಾನೇಜರ್. "ತೊಳೆದು ಹೋಗಿರಬೇಕು."

ಹಂಝಾಕ ನೆಲ ನೋಡುತ್ತಾ ನಿಂತಿದ್ದರು. ನಾನು ಕನ್ನಡದಲ್ಲಿ ಕೇಳಿದೆ. "ಹಂಝಾಕ, ಮಾಸು ಬಿದ್ದದ್ದನ್ನು ಎಂತ ಮಾಡಿದ್ರಿ?"

"ಮರಕ್ಕೆ ಕಟ್ಟಿದ್ದೇನೆ," ಎಂದರು, ಸಿಕ್ಕಿಬಿದ್ದವರ ಹಾಗೆ.

ನಮ್ಮ ಕಡೆ ದನ ಕರು ಹಾಕಿದರೆ ಮಾಸನ್ನು ಗೋಣಿಯಲ್ಲಿ ಕಟ್ಟಿ ಹಾಲು ಬರುವ ಮರಕ್ಕೆ ತೂಗುಹಾಕುತ್ತಾರೆ, ನಿಮಗೂ ಗೊತ್ತಿರಬಹುದು. ಹಲಸೋ ಆಲವೋ ಯಾವುದಾದರೂ ಆದೀತು. ನಾಯಿಯ ಬಾಯಿಗೆ ಬೀಳಬಾರದು, ಮರದ ಹಾಗೆ ದನಕ್ಕೂ ಹಾಲು ಇಳಿಯಬೇಕು. ಚಿಕ್ಕವಳಿದ್ದಾಗ ಅಂಥ ಗೋಣಿಯ ಕೆಳಗೆ ಹಾದುಹೋಗಲು ಹೆದರಿ ನಾನು ಶಾಲೆಗೆ ಸುತ್ತುದಾರಿ ಹಿಡಿಯುತ್ತಿದ್ದೆ. ಕತಾರಿನಲ್ಲಿ ಹಂಝಾಕ ಹಲಸಿನ ಮರ ಎಲ್ಲಿಂದ ತರಬೇಕು? ಬೇಲಿಯಾಚೆಗಿನ ಮರದ ಎಲೆ ಕಿತ್ತು, ಹಾಲು ಬಂದದ್ದನ್ನು ನೋಡಿ, ಅದಕ್ಕೇ ಕಟ್ಟಿದ್ದರು. ಮರಿಯೇ ಸತ್ತ ಮೇಲೆ ಹಾಲು ಯಾಕೆ ಎಂದು ಕೇಳಿದೆ. "ಮುಂದಿನದಕ್ಕೆ ಬೇಕಲ್ಲ" ಎಂದರು.

ಮ್ಯಾನೇಜರ್ ಕೂಗಾಡಿದರು. ನಾನು ಡಾಕ್ಟರರಿಗೆ ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಎಡವಿದೆ, ಹಲಸಿನಿಂದ ಶುರುಮಾಡಿದ್ದೇ ತಪ್ಪಾಯಿತು. ಅವರು ಪೂರ್ತಿ ಕೇಳದೆ "ಯಲ್ಲಾ, ಬೇಗ ಇಳಿಸಿ" ಎಂದರು. ನೆರಳು ಮತ್ತು ಚಳಿಗಾಳಿಯಿಂದಾಗಿ ಒಳಗಿನ ಭಾಗ ಇನ್ನೂ ಕೆಟ್ಟಿರಲಿಲ್ಲ. ತುಂಡುಗಳನ್ನು ತೆಗೆದು ಐಸ್ ಪೆಟ್ಟಿಗೆಗೆ ಹಾಕಿದೆವು. ಹೀಗೆ ತೂಗುಹಾಕಿದರೆ ರೋಗ ಹರಡುತ್ತದೆ, ಇನ್ನು ಮೇಲೆ ಕೂಡದು ಎಂದು ಡಾಕ್ಟರ್ ಗದರಿದರು. ಹಂಝಾಕ ತಲೆಯಾಡಿಸಿದರು.

ಪರೀಕ್ಷೆ ಮಾಡಿದ್ದು ನಾನು. ಈ ಮಾತನ್ನು ಇನ್ನೊಮ್ಮೆ ಹೇಳಬೇಕೆನಿಸುತ್ತದೆ: ಮಾಡಿದ್ದು ನಾನು. ತುಂಡನ್ನು ಅರೆದು, ಬೇಕಾದದ್ದನ್ನು ಬೇರ್ಪಡಿಸಿ, ಯಂತ್ರಕ್ಕೆ ಕೊಟ್ಟು ಕೂತೆ. ವೈರಸ್ ಇಲ್ಲದಿದ್ದರೆ ಪರದೆಯ ಮೇಲಿನ ಗೆರೆ ಕೊನೆಯವರೆಗೂ ಮಲಗಿಯೇ ಇರುತ್ತದೆ. ಬಹಳ ಹೊತ್ತು ಮಲಗಿತ್ತು. ಆಮೇಲೆ ತಲೆಯೆತ್ತಿ, ನೋಡುತ್ತಿದ್ದ ಹಾಗೆ ಮೇಲೇರಿತು. ಕುದುರೆಗಳಿಗೆ ಬರುವ ಹರ್ಪಿಸ್ ವೈರಸ್. ನಂಬಿಕೆಯಾಗದೆ ಮೊದಲಿಂದ ಮತ್ತೆ ಮಾಡಿದೆ. ಮತ್ತೆ ಏರಿತು. ನಡೆಸಿದ್ದಕ್ಕೂ ಮರಿ ಸತ್ತದ್ದಕ್ಕೂ ಸಂಬಂಧವೇ ಇರಲಿಲ್ಲ. "ನೀನೇ ಫೋನ್ ಮಾಡಿ ಹೇಳು" ಎಂದರು ಡಾಕ್ಟರ್. ಅಷ್ಟು ಹೆಮ್ಮೆಯಿಂದ ನಾನು ಇನ್ಯಾವ ಫೋನನ್ನೂ ಮಾಡಿಲ್ಲ. ಹಂಝಾಕ "ಹಾಗಾದ್ರೆ ನಾನಲ್ಲ" ಎಂದರು, ಅಷ್ಟೇ.

ಊರಿಗೆ ಕಳಿಸುವ ಮಾತು ನಿಂತಿತು. ಬೂದು ಕುದುರೆಯನ್ನು ದೂರ ಕಟ್ಟಿಸಿದೆವು. ಆ ಚಳಿಗಾಲದಲ್ಲಿ ಮತ್ತೊಂದು ಕುದುರೆಯೂ ಕಂದು ಹಾಕಲಿಲ್ಲ. ಬೂದು ಕುದುರೆಗೆ ಮಾತ್ರ ಆಮೇಲೆ ಬಹಳ ಕಾಲ ಗಬ್ಬ ನಿಲ್ಲಲೇ ಇಲ್ಲ. ಹೋದ ವರ್ಷ ನಿಂತಿದೆ ಎಂದು ಹಂಝಾಕ ಹೇಳಿದ್ದರು, ಹೇಳುವಾಗಲೂ ಹೆದರಿಕೊಂಡೇ ಹೇಳಿದ್ದರು.

ಬೆರಳ ಅಂಟನ್ನು ಕರವಸ್ತ್ರಕ್ಕೆ ಉಜ್ಜುತ್ತಾ ಅವರಿಗೆ ಫೋನ್ ಮಾಡಿದೆ.

"ನಿಮಗೆ ಹೇಳ್ಬೇಕು ಅಂತಲೇ ಇದ್ದೆ, ಡಾಕ್ಟರಮ್ಮ. ನಿನ್ನೆ ಹಾಕಿತು. ಹೆಣ್ಣು ಮರಿ, ಎದ್ದು ನಿಂತು ಹಾಲು ಕುಡೀತಾ ಉಂಟು. ಮಾಸನ್ನು ಮರಕ್ಕೆ ಕಟ್ಟಿದೆ, ಡಾಕ್ಟರ್ ಹತ್ರ ಹೇಳ್ಬೇಡಿ. ಕಟ್ಟುವ ಮೊದಲು ಒಂದು ತುಂಡು ನಿಮಗೆ ಅಂತ ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ."

ಆರೋಗ್ಯದ ಮರಿಗೆ ಪರೀಕ್ಷೆ ಬೇಕಿಲ್ಲ ಎಂದು ಹೇಳಬೇಕಿತ್ತು. "ಈಗಲೇ ಬರ್ತೇನೆ" ಎಂದೆ.

ಅಷ್ಟರಲ್ಲಿ ವನಿತಕ್ಕ ತರಕಾರಿ ಚೀಲ ಹಿಡಿದು ಲಿಫ್ಟಿನ ಕಡೆ ಹೊರಟವರು ನನ್ನನ್ನು ನೋಡಿ ನಿಂತರು. "ರಜೆ ದಿನ ಎಲ್ಲಿಗೆ ಹೊರಟದ್ದು ಮಾರಾಯ್ತಿ?" ಎಂದರು. ಹೇಳಿದೆ. ಕುದುರೆ, ಕಂದು, ವೈರಸ್, ಗೋಣಿಚೀಲ, ಒಂದನ್ನೂ ಬಿಡದೆ ಹೇಳಿದೆ. ಅವರು ಚೀಲವನ್ನು ನೆಲಕ್ಕಿಟ್ಟು ಕೊನೆಯವರೆಗೂ ಕೇಳಿದರು.

"ಅದನ್ನು ಕಂಡುಹಿಡಿದದ್ದು ನೀನಾ?"

"ಹೌದು, ನಾನೇ," ಎಂದು ಅಂಟುಗೈಯಲ್ಲೇ ಕಾರಿನ ಬಾಗಿಲು ತೆಗೆದೆ.