ಗಾಳಿ ನಿಂತರೂ ಕಾಣುವ ಬಾವುಟ

ಪಂದ್ಯ ಶುರುವಾಗುವ ಹೊತ್ತಿಗೆ ಸರಿಯಾಗಿ ಟೀವಿ ಆರಿಸಿಬಿಡುವ ಫುಟ್‌ಬಾಲ್ ಹುಚ್ಚ ಪ್ರಪಂಚದಲ್ಲಿ ನಮ್ಮ ಎಲ್ಲಪ್ಪ ಮಾವ ಒಬ್ಬರೇ ಇರಬೇಕು. ವಿಶ್ವಕಪ್ ಬಂತೆಂದರೆ ಕೆಜಿಎಫ್‌ನ ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿದ್ದ ಅವರ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಎರಡು ದೇಶಗಳ ಬಾವುಟಗಳು ಮೈದಾನಕ್ಕೆ ಬರುವಾಗ ಮಾವ ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಒಂದು ಕಣ್ಣು ಮುಚ್ಚಿ, ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸ್ ಕೂಗುತ್ತಿದ್ದರು. ಚೆಂಡು ಉರುಳಿದ್ದೇ ತಡ, ಟಕ್! ಟೀವಿ ಆರಿಸಿ ಮಾವ ಹೇಳುವರು, "ಮುಖ್ಯವಾದ್ದು ಆಯ್ತಲ್ಲ, ಇನ್ನೇನ್ಲಾ ನೋಡ್ತೀರ?" ರತ್ನಮ್ಮತ್ತೆ ರಿಮೋಟು ಕಿತ್ತುಕೊಳ್ಳುವವರೆಗೂ ನಮ್ಮ ಬೊಬ್ಬೆ ನಿಲ್ಲುತ್ತಿರಲಿಲ್ಲ.

ಮಾವ ನನ್ನ ಅಮ್ಮನ ಅಣ್ಣ. ಅವರ ಅಪ್ಪ ಚಿನ್ನದ ಗಣಿಯ ಆಳದಲ್ಲಿ ಕೆಲಸ ಮಾಡಿದವರು. ಮಾವ ಮಾತ್ರ ರೈಲ್ವೆ ಸೇರಿ, ಮಾರಿಕುಪ್ಪಂ–ಬಂಗಾರಪೇಟೆ ಗಾಡಿಯಲ್ಲಿ ಗಾರ್ಡ್ ಆಗಿ, ಕೆಂಪು ಹಸಿರು ಬಾವುಟ ಹಿಡಿದೇ ತಲೆ ನೆರೆಸಿಕೊಂಡರು. ನಮ್ಮೂರು ಕ್ಯಾಸಂಬಳ್ಳಿಯಿಂದ ರಜೆಗೆ ಬಂದ ನನ್ನನ್ನು ಪ್ಲಾಟ್‌ಫಾರಂ ತುದಿಗೆ ನಿಲ್ಲಿಸಿ ಅವರು ಕಲಿಸಿದ ಮೊದಲ ಪಾಠ ಇನ್ನೂ ಕಿವಿಯಲ್ಲಿದೆ: "ನನ್ ಬಾವುಟಾನ ನಾನು ಆಡಿಸ್ತೀನಿ. ದೇಶದ ಬಾವುಟಾನ ಗಾಳಿ ಆಡಿಸ್ಬೇಕು. ಗಾಳಿಯೇನು ನಿಮ್ಮಪ್ಪನ ಮನೆ ಆಳಾ? ಅದು ನಿಂತೋದಾಗ್ಲೂ ಬಾವುಟ ಯಾರ್ದು ಅಂತ ಗೊತ್ತಾಗ್ಬೇಕು ಕಣ್ಲಾ."

ಒಳ್ಳೆಯ ಬಾವುಟಕ್ಕೆ ಇದು ಅವರ ಮೊದಲ ಪರೀಕ್ಷೆ. ಎರಡನೆಯದು, ಮಗು ಕೂಡ ನೋಡದೆ ನೆಲದ ಮೇಲೆ ಕಡ್ಡಿಯಲ್ಲಿ ಗೀಚುವಂತಿರಬೇಕು. ಇನ್ನು ಬಾವುಟದ ಮೇಲೆ ಅಕ್ಷರ ಕಂಡರಂತೂ ಮಾವನಿಗೆ ಮೈಯೆಲ್ಲ ಉರಿ. "ಹಣೆ ಮೇಲೆ ಹೆಸ್ರು ಬರ್ಕೊಂಡು ಓಡಾಡ್ತಾರೇನ್ಲಾ ಯಾರಾದ್ರೂ?"

ಒಲಿಂಪಿಕ್ಸ್ ಮೆರವಣಿಗೆಯ ದಿನ ಅವರ ಉತ್ಸಾಹ ನೋಡಬೇಕಿತ್ತು! ಜಪಾನ್ ಬಂದರೆ, "ಬೇಷ್! ಆದ್ರೆ ಗಾಳಿ ನಿಂತ್ರೆ ಸೂರ್ಯ ಮುಳ್ಗೋಗ್ತಾನೆ. ಎಂಟು." ಎರಡು ತ್ರಿಕೋನದ ಬಾವುಟ ಹಿಡಿದು ನೇಪಾಳ ಬಂದರೆ ಎದ್ದು ಚಪ್ಪಾಳೆ: "ಎಲ್ರೂ ಟವಲ್ ಇಡ್ಕೊಂಡು ಬಂದವ್ರೆ, ಇವ್ರು ಮಾತ್ರ ಬಾವುಟ ಇಡ್ಕೊಂಡು ಬಂದ್ರು ನೋಡ್ಲಾ!" ಪ್ರಾಣಿ, ಪಕ್ಷಿ, ಕಿರೀಟ, ಕತ್ತಿ ಎಲ್ಲವನ್ನೂ ತುಂಬಿಕೊಂಡ ಬಾವುಟಕ್ಕೆ ಒಂದೇ ಮಾತು, "ಲಗ್ನಪತ್ರಿಕೆ." ನಮ್ಮ ತ್ರಿವರ್ಣ ಬಂದಾಗ ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಲ್ಲುವರು. ಮಾರ್ಕ್ಸ್ ಎಷ್ಟು ಎಂದು ಒಮ್ಮೆ ಕೇಳಿ ಬೈಸಿಕೊಂಡಿದ್ದೇನೆ. "ಅಮ್ಮಂಗೆ ಮಾರ್ಕ್ಸ್ ಕೊಡ್ತಾರೇನ್ಲಾ?"

ಹಾಗಾದರೆ ದೇಶಗಳು ಬಾವುಟ ಬದಲಾಯಿಸುವುದು ತಪ್ಪೇ ಎಂದು ನಾನು ಕೆದಕಿದ್ದೆ. ಕೆನಡಾ ಎಲೆ ಹಾಕಿಕೊಂಡದ್ದು, ದಕ್ಷಿಣ ಆಫ್ರಿಕಾ ಹೊಸ ಬಾವುಟ ಏರಿಸಿದ್ದು ಎಲ್ಲ ಮಾವನಿಗೆ ಬಾಯಿಪಾಠ. "ಬಣ್ಣ ಓಯ್ತು ಅಂತ ಬದ್ಲಾಯಿಸ್ಬಾರ್ದು. ಅರಿದೋದ್ರೆ ಸೂಜಿ ದಾರ ತಕ್ಕೊಂಡು ಒಲ್ಕೋ. ಅದ್ರ ಕೆಳಗೆ ನಿಂತೋರು ಬದ್ಲಾದ್ರೆ ಮಾತ್ರ ಬಾವುಟ ಬದ್ಲಾಯ್ಸು."

ಇಷ್ಟೆಲ್ಲ ಹೇಳುವ ಮಾವ ಹರೆಯದಲ್ಲಿ ತಮ್ಮ ಲೈನಿನ ಫುಟ್‌ಬಾಲ್ ತಂಡಕ್ಕೆ ತಾವೇ ಒಂದು ಬಾವುಟ ಬರೆದಿದ್ದರು. ಅಬ್ಬಬ್ಬಾ! ಗಣಿಯ ಬಾಯಿ ಮೇಲಿನ ಕಬ್ಬಿಣದ ಗೋಪುರ, ಗುದ್ದಲಿ, ಸಲಿಕೆ, ದೀಪ, ಚೆಂಡು. ಸಾಲದ್ದಕ್ಕೆ ಕೆಳಗೆ ಲೈನಿನ ಹೆಸರು ಕನ್ನಡ, ತಮಿಳು, ಇಂಗ್ಲಿಷಿನಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾವು ಮರೆಯಲ್ಲಿ ನಗುತ್ತಿದ್ದೆವು. ಆ ದೀಪ ಅವರಪ್ಪ ತಲೆಗೆ ಕಟ್ಟಿಕೊಂಡು ಗಣಿಗೆ ಇಳಿಯುತ್ತಿದ್ದ ದೀಪ, ಎದುರಿಗಿಟ್ಟುಕೊಂಡು ನೋಡಿ ಬರೆದದ್ದು. ಹಾಗಾಗಿ ಎದುರಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ.

ಗಣಿ ಮುಚ್ಚಿತು. ತಂಡದ ಹುಡುಗರೆಲ್ಲ ಕೆಲಸ ಹುಡುಕಿ ಚದುರಿಹೋದರು. ಎಷ್ಟೋ ವರ್ಷದ ಮೇಲೆ ಲೈನಿನ ಹೆಣ್ಣುಮಕ್ಕಳೇ ಒಂದು ತಂಡ ಕಟ್ಟಿದರು. ಪಕ್ಕದ ಮನೆಯ ದಿವ್ಯಾ ನಾಯಕಿ. ಬಂಗಾರಪೇಟೆಯಲ್ಲಿ ಅವರ ಮೊದಲ ಪಂದ್ಯಕ್ಕೆ ವಾರವಿದ್ದಾಗ ಅವಳು ನೇರ ಬಂದು, "ತಾತಾ, ನಮಗೆ ಹೊಸ ಬಾವುಟ ಬೇಕು" ಎಂದಳು.

ಮಾವನ ಮುಖ ಕೆಂಪಗಾಯಿತು. "ನಮ್ಮಪ್ಪನ ದೀಪ ಐತೆ ಅದ್ರಲ್ಲಿ! ನಾನಿರೋಗಂಟ ಆಗಾಕಿಲ್ಲ, ಓಗು!"

ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಲೇ ಇಲ್ಲ. "ಲೋಕದ ಬಾವುಟಕ್ಕೆಲ್ಲ ಪರೀಕ್ಷೆ ಮಾಡಿದ್ರಿ. ನಿಮ್ದನ್ನೂ ಒಂದ್ಸಲ ನೋಡ್ದೆ ಬರೀರಿ ನೋಡಾನ" ಎನ್ನುತ್ತ ಒಂದು ಕಡ್ಡಿ ಎಸೆದರು.

ಮಾವ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತರು. ಗೋಪುರ ಬಂತು, ಗುದ್ದಲಿ ಬಂತು. ಸಲಿಕೆ ಎಡಕ್ಕೋ ಬಲಕ್ಕೋ ಎಂದು ಅಳಿಸಿ ಬರೆದರು. ಚೆಂಡು ಬಂತು. ಮೂರು ಭಾಷೆಯ ಹೆಸರೂ ಬಂತು. ಮುಗಿಯಿತೆಂದು ಕಡ್ಡಿ ಕೆಳಗಿಟ್ಟರು. ದಿವ್ಯಾ ಮೆಲ್ಲನೆ ಕೇಳಿದಳು, "ತಾತಾ, ದೀಪ ಎಲ್ಲಿ?"

ಯಾರೂ ನಗಲಿಲ್ಲ. ಅವಳು ಅವರ ಪಕ್ಕದಲ್ಲೇ ಕೂತು, "ಕೆಳಗೆ ನಿಂತೋರು ಬದ್ಲಾದ್ರೆ ಅಂತ ನೀವೇ ಹೇಳಿದ್ದಲ್ವಾ ತಾತಾ? ಈಗ ನಿಂತಿರೋದು ನಾವು" ಎಂದಳು. ಮಾವ ಕಡ್ಡಿ ಅಲ್ಲೇ ಬಿಟ್ಟು ಎದ್ದು ಹೋದರು.

ಮರುದಿನ ಬೆಳಿಗ್ಗೆ ಮಾವ ತಾವಾಗಿಯೇ ದಿವ್ಯಾಳ ಮನೆ ಬಾಗಿಲಲ್ಲಿ! ಕಂಕುಳಲ್ಲಿ ಕಪ್ಪು ಬಟ್ಟೆ, ಹಳದಿ ಬಟ್ಟೆ, ಕೈಯಲ್ಲಿ ಅವಳು ಹಿಂದಿನ ದಿನ ಅಂಗಳದಲ್ಲಿ ಬಿಟ್ಟುಹೋಗಿದ್ದ ಹಾಳೆ. ಅದರಲ್ಲಿ ಅವಳು ಗೀಚಿದ್ದ ಬಾವುಟಕ್ಕೆ ಎರಡೇ ಪಟ್ಟಿ: ಮೇಲೆ ಕಪ್ಪು, ಕೆಳಗೆ ಹಳದಿ. ನೆಲದ ಅಡಿಯಲ್ಲಿ ಚಿನ್ನ ಎಂದು ಅವಳ ಲೆಕ್ಕ. ಮಾವ ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಹಾಳೆಯನ್ನು ತಲೆಕೆಳಗು ಮಾಡಿ ಅವಳ ಕೈಗಿತ್ತರು.

"ಚಿನ್ನ ಕೆಳಗಲ್ವಾ ತಾತಾ?"

"ಅದು ಓಯ್ತಲ್ಲಮ್ಮ. ಕೆಳಗಿರೋದು ಬರೀ ಕತ್ಲು. ನಮ್ಮಪ್ಪ ಅದ್ರಾಗೇ ದುಡ್ದ. ನೀವು ಮೇಲೆ ಬಂದಿದ್ದೀರ, ಬಿಸ್ಲಲ್ಲಿ ಆಡ್ತೀರ. ಬಿಸ್ಲು ಮೇಲಿರ್ಲಿ."

ದಿವ್ಯಾ ಕುಣಿದೇಬಿಟ್ಟಳು. ಮಾವ ಹಳೆಯ ಬಾವುಟವನ್ನು ಮಡಿಸಿ, "ಹೊಸದು ಆಡೋರ್ದು, ಇದು ನಂದು" ಎನ್ನುತ್ತ ತಮ್ಮ ಟ್ರಂಕಿಗೆ ಹಾಕಿದರು.

ಪಂದ್ಯದ ದಿನ ಬಂಗಾರಪೇಟೆ ಮೈದಾನದಲ್ಲಿ ಬಾವುಟ ಏರಿದಾಗ ಮಾವ "ಹತ್ತು!" ಎಂದು ಕೂಗಿದ ಕೂಗು ರೈಲ್ವೆ ಸ್ಟೇಷನ್ನಿಗೆ ಕೇಳಿಸಿರಬೇಕು. ಚೆಂಡು ಉರುಳಿತು. ಇನ್ನು ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ! ಕೊನೆಯ ಸೀಟಿಯವರೆಗೂ ನಿಂತು, ಗಾರ್ಡಿನ ಹಳೆಯ ಹಸಿರು ಬಾವುಟ ಬೀಸುತ್ತ ಗಂಟಲು ಹರಿದುಕೊಂಡರು. ನಮ್ಮವರು ಒಂದು ಗೋಲಿನಿಂದ ಸೋತದ್ದು ಅವರ ತಲೆಗೇ ಹೋಗಲಿಲ್ಲ.

ಹೋದ ವರ್ಷ ಮಾವ ತೀರಿಕೊಂಡರು. ಹುಡುಗಿಯರು ಹೊಸ ಬಾವುಟ ಹೊದಿಸಲೆಂದು ಅಳುತ್ತ ತಂದರು. ಅತ್ತೆ ಅದನ್ನು ಮುಟ್ಟಿ ನೋಡಿ ವಾಪಸು ಕೊಟ್ಟರು. "ಇದು ಆಡೋರ್ದು ಅಂತ ಅವ್ರೇ ಏಳವ್ರೆ. ಕಂಬಕ್ಕೇ ಕಟ್ಟಿ." ಟ್ರಂಕು ತೆಗೆದು, ಗೋಪುರ, ಗುದ್ದಲಿ, ಮೂರು ಭಾಷೆಗಳ ಆ ಲಗ್ನಪತ್ರಿಕೆಯನ್ನು ಮಾವನಿಗೆ ಹೊದಿಸಿದರು. ದೀಪ ಎದೆಯ ಮೇಲೆ ಬಂತು.

ಈ ವರ್ಷದ ಪಂದ್ಯದ ದಿನ ಗಾಳಿಯ ಸುಳಿವೇ ಇರಲಿಲ್ಲ. ಬಾವುಟ ಕಂಬಕ್ಕೆ ಅಂಟಿಕೊಂಡು ನೇತಾಡುತ್ತಿತ್ತು. ನಾನು ಮೈದಾನದ ಆಚೆ ತುದಿಗೆ ಹೋಗಿ ನಿಂತು ಒಂದು ಕಣ್ಣು ಮುಚ್ಚಿದೆ. ಮೇಲೆ ಹಳದಿ, ಕೆಳಗೆ ಕಪ್ಪು. "ಕಾಣಿಸ್ತದೆ ಮಾವ" ಎಂದು ಪಕ್ಕಕ್ಕೆ ತಿರುಗಿದೆ.