ಹಿಂಗೈಯಿಂದ ಮುಟ್ಟುವವನು

ಸಂತೆಬಾಚಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಸಿದ್ದರಾಮು ಯಾವುದನ್ನೂ ನೆಟ್ಟಗೆ ಮುಟ್ಟುತ್ತಿರಲಿಲ್ಲ. ಗಿರಣಿಯ ಬಾಯಿಂದ ಬಿಸಿಬಿಸಿಯಾಗಿ ಸುರಿಯುವ ರಾಗಿ ಹಿಟ್ಟನ್ನು ಬೇರೆಯವರು ಚಿಟಿಕೆ ಹಿಡಿದು ಉಜ್ಜಿ ನೋಡಿದರೆ, ಇವನು ಕೈ ಮಗುಚಿ ಬೆರಳ ಗೆಣ್ಣುಗಳ ಕಡೆಯಿಂದ, ಹಿಂಗೈಯಿಂದ ಸೋಕಿಸಿ ನೋಡುತ್ತಿದ್ದ. ಜ್ವರ ಬಂದ ಮಗಳ ಹಣೆಯೂ ಹಾಗೆಯೇ, ಬಾಗಿಲ ಚಿಲಕವೂ ಹಾಗೆಯೇ. ಯಾರಾದರೂ ಕೈ ಕುಲುಕಲು ಬಂದರೆ ಅವರ ಅಂಗೈಗೂ ಮೊದಲು ಹಿಂಗೈ ತಾಗಿಸಿ ನಗೆಪಾಟಲಾಗುತ್ತಿದ್ದ. "ನಿಮ್ಮೆಜಮಾನ್ರು ನಿನ್ನೂ ಇಂಗೇ ಮುಟ್ಟಿ ನೋಡ್ತಾರೇನಮ್ಮಿ?" ಎಂದು ಸಂತೆಗೆ ಬಂದ ಹೆಂಗಸರು ಅವನ ಹೆಂಡತಿ ಪುಷ್ಪಳನ್ನು ಕಿಚಾಯಿಸುತ್ತಿದ್ದರು. ಪುಷ್ಪ ಮಾತ್ರ ನಗುತ್ತಿರಲಿಲ್ಲ. ಆ ಚಾಳಿ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು.

ಗಿರಣಿಗೆ ಮೊದಲು ಸಿದ್ದರಾಮು ಲೈನ್‌ಮನ್ ಆಗಿದ್ದ. ನಾಗಮಂಗಲದ ಕಡೆಯ ಹುಡುಗ. ಮೀಸೆ ಸರಿಯಾಗಿ ಬಲಿಯುವ ಮೊದಲೇ ಕೆಲಸ ಸಿಕ್ಕಿ, ಶ್ರೀರಂಗಪಟ್ಟಣದಲ್ಲಿ ಕೆಲವು ವರ್ಷ, ಆಮೇಲೆ ಪಾಂಡವಪುರದಲ್ಲಿ ಕಂಬ ಹತ್ತಿ ಇಳಿದ. ಕೆಲಸ ಕಲಿಸಿದವನು ಕೆಂಪಣ್ಣ ಎಂಬ ಹಿರಿಯ. ತಂತಿಯನ್ನು ಹಿಡಿಯುವ ಮೊದಲು ಹಿಂಗೈಯಿಂದ ಸೋಕಿಸಬೇಕೆಂಬುದು ಅವನ ಮೊದಲ ಪಾಠ.

"ಅಂಗೈಲಿ ಮುಟ್ಟುದ್ರೆ ಕರೆಂಟು ಬೆರಳ ಮಡಿಸ್ಬುಡ್ತದೆ ಕಣ್ಲಾ. ತಂತಿನ ನೀನೇ ಗಟ್ಟಿಯಾಗಿ ಇಡ್ಕೊಂಡು ಸಾಯ್ತೀಯೆ. ಇಂಗೈಲಿ ಮುಟ್ಟುದ್ರೆ ಒದ್ದು ಆಚ್ಗೆ ಎಸಿತದೆ. ಬೀಡಿ ಸೇದಕ್ಕೆ ಅಂತ ಒಂದ್ಗಳಿಗೆ ಕೈ ಬುಟ್ಟಿದ್ರೂ ಸೈತ, ಮತ್ತೆ ಮುಟ್ಟಿ ನೋಡೇ ಇಡ್ಕೋಬೇಕು."

ಹೀಗೆ ಪಾಠ ಹೇಳಿದ ಕೆಂಪಣ್ಣನೇ ಒಂದು ದಿನ ಪಾಂಡವಪುರದ ಹತ್ತಿರದ ಹಳ್ಳಿಯೊಂದರ ಕಂಬದ ಮೇಲೆ ಸತ್ತ. ಲೈನ್ ಆಫ್ ಮಾಡಿಸಿಯೇ ಹತ್ತಿದ್ದ. ಹಿಂಗೈಯಿಂದ ಸೋಕಿಸಿ, ತಂತಿ ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡೇ ಅಂಗೈಯಲ್ಲಿ ಹಿಡಿದಿದ್ದ. ಅಷ್ಟರಲ್ಲಿ ಆ ಬೀದಿಯ ಅಕ್ಕಿ ಗಿರಣಿಯವನು ತನ್ನ ಜನರೇಟರನ್ನು ಹಚ್ಚಿದ. ಜನರೇಟರಿನ ಕರೆಂಟು ಗಿರಣಿಯೊಳಗಷ್ಟೇ ಓಡಾಡಬೇಕು. ಅದಕ್ಕೆ ಮೊದಲು ಮೇನ್ ಸ್ವಿಚ್ಚು ಇಳಿಸಿ ಊರ ಲೈನಿನ ನಂಟು ಕಡಿಯಬೇಕು. ಕಡಿಯದಿದ್ದರೆ ಆ ಕರೆಂಟು ಬಾಗಿಲು ದಾಟಿ, ಬೀದಿ ದಾಟಿ, ಸೀದಾ ಕಂಬ ಹತ್ತುತ್ತದೆ. ಹತ್ತಿತು. ಕೆಳಗೆ ಏಣಿ ಹಿಡಿದು ನಿಂತಿದ್ದ ಸಿದ್ದರಾಮು, ತನ್ನ ಗುರು ತಂತಿಯನ್ನು ಬಿಡಲಾರದೆ ಅದುರುವುದನ್ನು ಕತ್ತೆತ್ತಿ ನೋಡಿದ.

ಆಫ್ ಮಾಡಿದ್ದ ಲೈನನ್ನು ನಡುವೆಯೇ ಬಿಟ್ಟನೆಂದು ಊರವರೆಲ್ಲ ಸಬ್‌ಸ್ಟೇಷನ್ನಿನವನನ್ನು ಬೈದರು. ಆ ಬೈಗುಳದ ನಡುವೆ ಅಕ್ಕಿ ಗಿರಣಿಯವನೂ ನಿಂತಿದ್ದ. "ಅಯ್ಯೋ ಪಾಪ, ಎಂಥ ಮನ್ಸ" ಎಂದು ಕಣ್ಣೊರೆಸಿಕೊಂಡ. ಹೂವಿನ ಹಾರ ತಂದವನೂ ಅವನೇ. ನಿಜ ಬಯಲಾದದ್ದು ಎಷ್ಟೋ ದಿನಗಳ ಮೇಲೆ. ಸಿದ್ದರಾಮುವಿಗೆ ಕೆಂಪಣ್ಣನ ಸಾವು ಎಷ್ಟು ಕಾಡಿತೋ, ಆ ಹಾರವೂ ಅಷ್ಟೇ ಕಾಡಿತು.

ಆಮೇಲೂ ಅವನು ಕೆಲಸಕ್ಕೆ ಹೋದ. ಆದರೆ ಒಳಗಿನ ಶಕ್ತಿಯೆಲ್ಲ ಬಸಿದುಹೋಗಿತ್ತು. "ಸಿದ್ದಣ್ಣ, ಪ್ಯೂಸೋಗದೆ, ಬಿರ್ನೆ ಬಾ", "ಸಿದ್ದಣ್ಣ, ಗದ್ದೆ ಒಣಗ್ತಾ ಅದೆ", "ಆಲೆಮನೆ ನಿಂತೋಗದೆ ಕಣಪ್ಪೋ" ಎಂದು ಹೊತ್ತಲ್ಲದ ಹೊತ್ತಿನಲ್ಲಿ ಕರೆಯುವವರೇ. ಬಾಗಿಲಲ್ಲಿ ಯಾರಾದರೂ "ಸಿದ್ದಣ್ಣ" ಎಂದರೆ ಸಾಕು, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದ. ಅನ್ನ ಒಳಗಿಳಿಯುತ್ತಿರಲಿಲ್ಲ. ಮಲಗಿದರೂ ದಣಿವು, ಎದ್ದರೂ ದಣಿವು. ಕೊನೆಗೊಂದು ದಿನ ಅರ್ಧ ಕಂಬ ಹತ್ತಿದವನು ಮೇಲಕ್ಕೂ ಹೋಗಲಾರದೆ, ಕೆಳಕ್ಕೂ ಬರಲಾರದೆ ಕಂಬವನ್ನು ತಬ್ಬಿಕೊಂಡುಬಿಟ್ಟ. ಕೆಳಗೆ ನಿಂತವರು "ಬೇಗ ಬೇಗ" ಎಂದು ಕೂಗುತ್ತಲೇ ಇದ್ದರು. ಜೊತೆಯವರು ಹಗ್ಗ ಕಟ್ಟಿ ಇಳಿಸಬೇಕಾಯಿತು. ಅದೇ ವಾರ ರಾಜೀನಾಮೆ ಕೊಟ್ಟ. ಆಗ ಅವನಿಗೆ ಮೂವತ್ತೈದೂ ತುಂಬಿರಲಿಲ್ಲ.

ಅಪ್ಪ ಶಿವಲಿಂಗಯ್ಯ ಜಗಲಿಯ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಬೈದ. "ಗೌರ್ಮೆಂಟ್ ಅನ್ನುಕ್ಕೆ ನೀನೇ ಮಣ್ಣಾಕ್ಕೊಂಡಲ್ಲೋ ಬಡ್ಡೆತ್ತದೆ! ಯಾವನ್ಲಾ ಇಂಥ ಕೆಲ್ಸ ಬುಡಾನು?"

"ಇನ್ನೊಂದ್ಸಲ ಕಂಬ ಅತ್ತುದ್ರೆ ನಾನು ಇಳಿಯಾಕಿಲ್ಲ ಕಣಪ್ಪ" ಎಂದಷ್ಟೇ ಹೇಳಿ ಸಿದ್ದರಾಮು ಹೆಂಡತಿಯ ಊರಾದ ಸಂತೆಬಾಚಹಳ್ಳಿಗೆ ಬಂದ. ಅಲ್ಲೊಂದು ಗಿರಣಿ ಹಾಕಿದ. ತೊಂಬತ್ತಾರನೆಯ ಇಸವಿಯ ಮಾತು ಇದು.

ಮೊದಮೊದಲು ಎಲ್ಲವೂ ಹಿತವಾಗಿತ್ತು. ನೆಲದ ಮೇಲೆ ನಿಂತು ಮಾಡುವ ಕೆಲಸ, ಮೈತುಂಬ ಹಿಟ್ಟು, ಹೊತ್ತಿಗೆ ಸರಿಯಾಗಿ ಊಟ. ರಾತ್ರಿ ನಿದ್ದೆ ಬರತೊಡಗಿತು. ಆದರೆ ಆ ಕರೆಂಟು ಯಾರ ಮಾತು ಕೇಳುತ್ತದೆ? ಬಂದರೆ ಬಂತು, ಹೋದರೆ ಹೋಯಿತು. ಸಂತೆಯ ದಿನವಂತೂ ಸುತ್ತಲ ಹಳ್ಳಿಯವರು ಬಸ್ಸಿಳಿದವರೇ ರಾಗಿ ಚೀಲಗಳನ್ನು ಗಿರಣಿಯಲ್ಲಿ ಇಳಿಸಿ, ವ್ಯಾಪಾರ ಮುಗಿಸಿ, ಹಿಟ್ಟು ಹೊತ್ತು ಮತ್ತೆ ಬಸ್ಸು ಹತ್ತುವುದು ವಾಡಿಕೆ. ಬಸ್ಸಿನ ಹೊತ್ತಿಗೆ ಹಿಟ್ಟು ಆಗಿರಲೇಬೇಕು. ಕರೆಂಟಿಲ್ಲ ಎಂದು ಕೈಚೆಲ್ಲಿದರೆ ಮುಂದಿನ ಸಂತೆಗೆ ಆ ಚೀಲ ಬೇರೆ ಗಿರಣಿಯಲ್ಲಿರುತ್ತಿತ್ತು. ಎದುರಿನ ಟೀ ಅಂಗಡಿಯ ಹೊನ್ನಪ್ಪ ದಿನವೂ ಚುಚ್ಚುತ್ತಿದ್ದ. "ಒಂದು ಜನರೇಟ್ರು ಮಡೀಕ್ಕೊಳ್ಳೋ ಮಾರಾಯ. ಅದೇನು ಹಾವೇನ್ಲಾ, ಕಚ್ಚಕ್ಕೆ?"

ಸಿದ್ದರಾಮು ಬಹಳ ದಿನ ಒಲ್ಲೆ ಎಂದ. ಕಡೆಗೆ ಹಿಡಿಕೆ ಹಾಕಿ ತಿರುಗಿಸುವ ಹಳೆಯ ಡೀಸೆಲ್ ಜನರೇಟರೊಂದನ್ನು ತಂದೇ ತಂದ. ಅದು ಬಂದ ದಿನ ಪುಷ್ಪ ಅದರ ಸುತ್ತ ಒಂದು ಸುತ್ತು ಬಂದು ಒಳಗೆ ಹೋದಳು. ತನ್ನಷ್ಟಕ್ಕೆ ತಾನೇ ನಂಟು ಕಡಿಯುವಂಥ ಸ್ವಿಚ್ಚು ಹಾಕಿಸಬೇಕಿತ್ತು. ಮುಂದಿನ ಸಂತೆ ಕಳೆಯಲಿ, ಹಬ್ಬ ಕಳೆಯಲಿ ಎಂದು ಮುಂದೂಡಿದ. ಮೇನ್ ಸ್ವಿಚ್ಚನ್ನು ಕೈಯಾರೆ ಇಳಿಸಿದರಾಯಿತು, ಈ ವಿಷಯದಲ್ಲಿ ತನಗಿಂತ ಹುಷಾರಿನವನು ಯಾರಿದ್ದಾನೆ ಎಂಬ ಧೈರ್ಯ. ಈ ಧೈರ್ಯ ಮನುಷ್ಯನಿಗೆ ಒಳ್ಳೆಯದಲ್ಲ.

ಆ ಹೋಬಳಿಗೆ ಆಗಷ್ಟೇ ಹೊಸ ಲೈನ್‌ಮನ್ ಬಂದಿದ್ದ, ಧರ್ಮೇಂದ್ರ ಎಂದು. ಮದುವೆಯಾಗಿ ವರ್ಷ ತುಂಬಿರದ ನಗುಮುಖದವನು. ಸಿದ್ದರಾಮುವಿನ ಹಳೆಯ ಕೆಲಸ ಗೊತ್ತಾಗಿ ಗಿರಣಿಗೆ ಬಂದು ಕೂರತೊಡಗಿದ. ಹಿಂಗೈಯ ಪಾಠವನ್ನು ಸಿದ್ದರಾಮು ಅವನಿಗೂ ಹೇಳಿದ, ಕೆಂಪಣ್ಣನ ಕತೆಯನ್ನೂ ಹೇಳಿದ. ಇಬ್ಬರಿಗೂ ಒಂದು ಒಪ್ಪಂದವಾಯಿತು.

"ಈ ಬೀದಿ ಕಂಬ ಅತ್ತೋ ಮುಂಚೆ ನಂಗೊಂದ್ ಮಾತೇಳು ಧರ್ಮ. ನೀನು ಇಳಿಯಗಂಟ ನಾನು ಜನರೇಟ್ರ ಮುಟ್ಟಾಕಿಲ್ಲ."

"ನೀನಿರೋವಾಗ ನಂಗ್ಯಾವ ಭಯ ಬುಡಣ್ಣ" ಎಂದಿದ್ದ ಧರ್ಮೇಂದ್ರ.

ಅವತ್ತೂ ಸಂತೆ. ಬೆಳಗಿನ ಗಾಳಿಗೆ ತಂತಿ ಹರಿದು ಊರಿಗೆ ಕರೆಂಟಿರಲಿಲ್ಲ. "ಅಣ್ಣೋ, ಅತ್ತುತಾವ್ನಿ" ಎಂದು ಹೇಳಿಯೇ ಧರ್ಮೇಂದ್ರ ಸಂತೆಮಾಳದ ಕಂಬಕ್ಕೆ ಹೋದ. ಸಿದ್ದರಾಮು ಜನರೇಟರಿನ ಕಡೆ ತಲೆಯನ್ನೂ ಹಾಕಲಿಲ್ಲ. ಬಿಸಿಲೇರಿತು. ಚೀಲಗಳು ಬಾಗಿಲವರೆಗೂ ಬೆಳೆದವು. ಹೊತ್ತು ವಾಲಿದ ಮೇಲೆ ಚೀಲದವರೂ ಬಂದು ನಿಂತರು.

"ಸಿದ್ದಣ್ಣ, ಬಸ್ಸು ಒಂಟೋಯ್ತದೆ!" ಎಂದಳು ಪುಟ್ಟತಾಯಮ್ಮ ಎಂಬ ಮುದುಕಿ. "ಸಿದ್ದಣ್ಣ, ಮನೇಲಿ ಮುದ್ದೆಗೆ ಇಟ್ಟಿಲ್ಲ ಕಣಪ್ಪ." "ಸಿದ್ದಣ್ಣ, ಬಿರ್ನೆ!"

ಅದೇ ದನಿ. ಪಾಂಡವಪುರದಲ್ಲಿ ಬಿಟ್ಟು ಬಂದೆ ಎಂದುಕೊಂಡಿದ್ದ ಅದೇ ದನಿ, ವಿಳಾಸ ಹುಡುಕಿಕೊಂಡು ಗಿರಣಿಯ ಬಾಗಿಲಿಗೆ ಬಂದು ನಿಂತಿತ್ತು. ಬಾಗಿಲಾಚೆ ನೋಡಿದರೆ ಧರ್ಮೇಂದ್ರ ಹೊನ್ನಪ್ಪನ ಅಂಗಡಿಯ ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ. ಇಳಿದನಲ್ಲ, ಮುಗಿದಿರಬೇಕು, ಕರೆಂಟು ಬಿಡುವುದು ಇನ್ನೆಷ್ಟು ಹೊತ್ತಿಗೋ ಎಂದುಕೊಂಡ. ಒಂದು ಮಾತು ಕೂಗಿ ಕೇಳಬಹುದಿತ್ತು, ಕೇಳಲಿಲ್ಲ. ಮತ್ತೆ ನೋಡುವಷ್ಟರಲ್ಲಿ ಬೆಂಚು ಖಾಲಿ. "ಬಿರ್ನೆ ಸಿದ್ದಣ್ಣೋ!" ಎಂದು ಮತ್ತೆ ಕೂಗಿದರು. ಅವನು ಹಿಡಿಕೆ ಎತ್ತಿಕೊಂಡು ಜನರೇಟರಿಗೆ ಸಿಕ್ಕಿಸಿ ತಿರುಗಿಸಿದ.

ಇಂಜಿನ್ನು ಹೊತ್ತಿಕೊಂಡಿತು. ಹೊತ್ತಿಕೊಂಡದ್ದೇ ಹೊರಲಾರದ ಭಾರ ಬಿದ್ದ ಎತ್ತಿನಂತೆ ಮುಲುಗಿತು. ಇದೇನು ಎಂದು ಅವನು ಯೋಚಿಸುತ್ತಿರುವಾಗಲೇ ಹೊನ್ನಪ್ಪನ ಅಂಗಡಿಯ ಬಲ್ಬು ಹೊತ್ತಿತು.

"ಕರೆಂಟು ಬಂತು ಕಣ್ರಪ್ಪೋ!" ಎಂದು ಬೀದಿಗೆ ಬೀದಿಯೇ ಕೂಗಿತು. ಯಾರೋ ಸಿಳ್ಳೆ ಹಾಕಿದರು. ಪುಟ್ಟತಾಯಮ್ಮ ಕೈಮುಗಿದಳು.

ಕರೆಂಟು ಬಂದಿಲ್ಲ ಎಂದು ಗೊತ್ತಿದ್ದವನು ಅಲ್ಲಿ ಒಬ್ಬನೇ. ಆ ಬಲ್ಬಿನಲ್ಲಿ ಉರಿಯುತ್ತಿದ್ದದ್ದು ತನ್ನ ಜನರೇಟರು. ಮೇನ್ ಸ್ವಿಚ್ಚು ಮೇಲೆಯೇ ಇತ್ತು. ಸಿದ್ದರಾಮು ಇಂಜಿನ್ನಿನ ಡೀಸೆಲ್ ತಡೆದು ನಿಲ್ಲಿಸಿದ, ಚೀಲಗಳ ಮೇಲೆಯೇ ಹಾರಿ ಸಂತೆಮಾಳಕ್ಕೆ ಓಡಿದ. ಕಾಲಡಿಯ ತರಕಾರಿ, ಬೈಯುವ ಜನ, ಯಾವುದೂ ಅವನಿಗೆ ಕಾಣಲಿಲ್ಲ. ಕಂಬದ ಮೇಲೆ ಕಣ್ಣು ಹಾಯಿಸಲು ಧೈರ್ಯ ಸಾಲಲಿಲ್ಲ.

ಕಂಬದ ಮೇಲೆ ಯಾರೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಲ್ಲಿನ ಗಾಡಿಯ ಮೇಲೆ ಧರ್ಮೇಂದ್ರ ಬಿದ್ದಿದ್ದ. ಕೈ ಸೋತು ಟೀ ಕುಡಿಯಲು ಇಳಿದಿದ್ದವನು, ಉಳಿದ ಕೆಲಸಕ್ಕೆ ಮತ್ತೆ ಹತ್ತಿ, ಕಲಿಸಿದ್ದಂತೆ ಮತ್ತೆ ಹಿಂಗೈ ಸೋಕಿಸಿದ್ದ. ಒದೆತ ಬಿದ್ದು ಕೆಳಕ್ಕುರುಳಿದ್ದ. ಜನ ಅವನನ್ನು ನೆಲಕ್ಕಿಳಿಸಿ ಕೂರಿಸಿ ನೀರು ಕುಡಿಸುತ್ತಿದ್ದರು. ಉಸಿರಿತ್ತು. ಬಲಗೈಯ ಹಿಂಬದಿ ಕಪ್ಪಗೆ ಸುಟ್ಟಿತ್ತು.

"ಆ ಸಬ್‌ಸ್ಟೇಸನ್ನವ್ನ ಕಂಬುಕ್ಕೆ ಕಟ್ಟಿ ಬಡೀಬೇಕು ಕಣ್ಲಾ!" ಎಂದು ಹೊನ್ನಪ್ಪ ಕೂಗಿದ. ಎಲ್ಲರೂ ಹೂಂಗುಟ್ಟಿದರು.

ಸಿದ್ದರಾಮುವಿನ ನಾಲಿಗೆಯ ತುದಿಗೆ ಒಂದು ಮಾತು ಬಂದು ನಿಂತಿತು. ಅಯ್ಯೋ ಪಾಪ. ಅಷ್ಟು ಅಂದರೆ ಸಾಕಿತ್ತು, ಮಿಕ್ಕದ್ದನ್ನು ಜನರೇ ನೋಡಿಕೊಳ್ಳುತ್ತಿದ್ದರು. ಅಕ್ಕಿ ಗಿರಣಿಯವನ ಕಣ್ಣೀರು ಎಷ್ಟು ಸಲೀಸಾಗಿ ಬಂದಿರಬಹುದೆಂದು ಅವನಿಗೆ ಆಗ ಅರ್ಥವಾಯಿತು, ಅರ್ಥವಾಗಿ ಮೈಯೆಲ್ಲ ಹೇಸಿಗೆಯಾಯಿತು.

ಧರ್ಮೇಂದ್ರ ಕಣ್ಣೆತ್ತಿದ. ನೋಡಿದ್ದು ಸಿದ್ದರಾಮುವಿನ ಮುಖವನ್ನಲ್ಲ, ಕೈಯನ್ನು. ಇಂಜಿನ್ನಿನ ಹಿಡಿಕೆ ಇನ್ನೂ ಅವನ ಕೈಯಲ್ಲೇ ಇತ್ತು.

"ನಂದು ಕಣ್ಲಾ ಧರ್ಮ" ಎಂದ ಸಿದ್ದರಾಮು. "ಸಬ್‌ಸ್ಟೇಸನ್ನವ್ರಲ್ಲ. ನಾನೇ. ಸ್ವಿಚ್ಚು ಇಳಿಸ್ಲಿಲ್ಲ."

ಸಿದ್ದರಾಮು ಹಿಡಿಕೆಯನ್ನು ನೆಲಕ್ಕೆ ಹಾಕಿ, ಬಗ್ಗಿ, ಎತ್ತಲೆಂದು ಕೈ ಚಾಚಿದ. ಈ ಸಲ ಮಗುಚಿರಲಿಲ್ಲ, ಅಂಗೈಯನ್ನೇ ಚಾಚಿದ್ದ.

ಧರ್ಮೇಂದ್ರ ಆ ಅಂಗೈಯನ್ನು ದಿಟ್ಟಿಸಿದ. ಆಮೇಲೆ ಸುಡದೆ ಉಳಿದಿದ್ದ ಎಡಗೈಯನ್ನು ನಿಧಾನಕ್ಕೆ ಮಗುಚಿ, ಹಿಂಗೈಯನ್ನು ಅದಕ್ಕೆ ಸೋಕಿಸಿ ನೋಡಿದ. ನೋಡಿ, ನೆಲಕ್ಕೆ ಕೈಯೂರಿಕೊಂಡು ತಾನಾಗಿಯೇ ಎದ್ದ.